ನಾನು ಎತ್ತಿದ ಗಾಜು

ಸತ್ತದ್ದು ನಾಲ್ಕು ಮೀನುಗಳು. ಶಿಕ್ಷೆ ಅನುಭವಿಸಿದವಳು ಜಗಳೂರಿನ ಶೈಲಾ. ಕೊಂದವಳು ನಾನು, ನನಗೆ ಏನೂ ಆಗಲಿಲ್ಲ. ಆರು ವರ್ಷಗಳಿಂದ ಚನ್ನಗಿರಿಯಲ್ಲಿ ಮರ್ಯಾದಸ್ಥ ಶಿಕ್ಷಕಿಯಾಗಿ ಬದುಕಿದ್ದೇನೆ. ಊರೂರಿನ ಶಾಲೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದ್ದೇನೆ, ಚಪ್ಪಾಳೆಯನ್ನೂ ಸ್ವೀಕರಿಸಿದ್ದೇನೆ—ಆ ಚಪ್ಪಾಳೆಯನ್ನು ಈಗ ಯಾರಿಗೆ ಹಿಂದಿರುಗಿಸಲಿ?

ಮೀನುಗಳು ನನ್ನ ದೊಡ್ಡಪ್ಪನ ಮಗ ಮಹೇಶ್ವರಪ್ಪನವು. ನಾನು ಅಣ್ಣ ಎಂದು ಕರೆಯುವವನು. ಅವನ ಪಡಸಾಲೆಯಲ್ಲಿ ಆರಡಿ ಉದ್ದದ ಅಕ್ವೇರಿಯಂ. ಅದರಲ್ಲಿ ಎರಡು ಆಸ್ಕರ್, ಎರಡು ಸೆವೆರಮ್. ಅಂಗೈಗಿಂತ ದೊಡ್ಡವು, ಸಿಕ್ಲಿಡ್ ಎಂಬ ಜಗಳಗಂಟ ಕುಟುಂಬದವು. ಪ್ರತಿಯೊಂದಕ್ಕೂ ತನ್ನದೇ ಕಲ್ಲು, ತನ್ನದೇ ಮೂಲೆ, ತನ್ನದೇ ಸಿಟ್ಟು. ಅಣ್ಣ ಅವನ್ನು ಮರಿಗಳಿದ್ದಾಗಲೇ ಒಟ್ಟಿಗೆ ಬಿಟ್ಟಿದ್ದ. ಕಚ್ಚಾಟ ಕಂಡ ದಿನ ಕಲ್ಲುಗಳನ್ನೆಲ್ಲ ಎತ್ತಿ ಜಾಗ ಬದಲಿಸುತ್ತಿದ್ದ—ಯಾವ ಮೀನಿಗೂ ‘ಇದು ನನ್ನದು’ ಎಂಬ ಗಡಿ ಉಳಿಯಬಾರದೆಂದು. ಬಂದವರಿಗೆಲ್ಲ ತೋರಿಸುತ್ತಿದ್ದ: “ನೋಡ್ರಿ, ಬ್ಯಾರೆ ಬ್ಯಾರೆ ಜಾತಿ, ಒಂದೇ ನೀರಾಗೆ ಹೆಂಗೆ ಸಂಸಾರ ಮಾಡ್ತಾವೆ!”

ಇದೇ ಬಾಯಿ ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಹೊನ್ನಾಳಿಗೆ ಹೋಗಿತ್ತು. ನಾನು ಮದುವೆಯಾಗಬೇಕೆಂದಿದ್ದ ಮೇಷ್ಟ್ರು ಬೇರೆ ಜಾತಿಯವರು. ಅವರ ಮನೆಯಲ್ಲಿ ಕುಳಿತು, ಚಹಾ ಕುಡಿದು, “ಹುಡುಗಿಗೆ ಮೂರ್ಛೆ ರೋಗ ಐತೆ, ನಿಮಗ್ಯಾಕೆ ಬೇಕು ತಾಪತ್ರಯ” ಎಂದು ಇಲ್ಲದ ರೋಗ ಹೇಳಿ ಎದ್ದು ಬಂದಿತ್ತು. ಆ ಮದುವೆ ಅಲ್ಲಿಗೇ ಮುರಿಯಿತು. ಎಷ್ಟೋ ವರ್ಷಗಳ ಮೇಲೆ ಅವನೇ ಈ ಸಂಗತಿಯನ್ನು ನಗುತ್ತ ತಿಳಿಸಿದ. “ನಿನ್ನ ಒಳ್ಳೇದಕ್ಕೇ ಮಾಡಿದ್ದು ಬಿಡವ್ವ.” ನಾನೂ ನಕ್ಕೆ. ನಗುತ್ತಲೇ ತೀರ್ಮಾನಿಸಿದೆ—ಇವನು ಪ್ರೀತಿಸುವುದೊಂದನ್ನು ಇವನ ಕಣ್ಣೆದುರು ಇಲ್ಲವಾಗಿಸಬೇಕು.

ಅವಕಾಶ ಬಂದದ್ದು ಅವನ ಮಗ ಪ್ರಸನ್ನನ ಮದುವೆಯಲ್ಲಿ. ಮನೆಗೆ ಅದೃಷ್ಟ ತರುತ್ತದೆಂದು ಅಣ್ಣ ಹಣೆ ಉಬ್ಬಿದ ಫ್ಲವರ್‌ಹಾರ್ನ್ ಮೀನೊಂದನ್ನು ಕೊಂಡಿದ್ದ. ಅದು ಇನ್ನೊಂದು ಮೀನನ್ನು ಸಹಿಸುವ ಜಾತಿಯಲ್ಲ. ಹಾಗಾಗಿ ತೊಟ್ಟಿಯ ನಡುವೆ ಗಾಜಿನ ತಡೆ ಇಳಿಸಿದ್ದ. ಸೊಸೆ ಶೈಲಾ ಮನೆ ತುಂಬಿದ ಮರುದಿನ ಎಲ್ಲರೂ ಹೊಸ ದಂಪತಿಯೊಂದಿಗೆ ಮನೆದೇವರಿಗೆ ಹೊರಟರು. ಮೀನಿಗೆ ಕಾಳು ಹಾಕುವ ಕೆಲಸ ನನ್ನದಾಯಿತು. ಬೀಗದ ಕೈ ಕೊಡುತ್ತ ಅಣ್ಣ ಹೇಳಿದ: “ಗಿರಿಜಾ, ಆ ಗಾಜು ಮಾತ್ರ ಎತ್ತಬ್ಯಾಡ. ಎತ್ತಿದ್ರೆ ಒಂದೂ ಉಳಿಯಾಕಿಲ್ಲ.”

ಕೊಲ್ಲುವ ಬಗೆಯನ್ನು ಅವನೇ ನನ್ನ ಕೈಗಿಟ್ಟ.

ಅದೇ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಎತ್ತಿದೆ. ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತೆ—ಹೌದು, ನೋಡುತ್ತ ಕುಳಿತೆ. ಸೆವೆರಮ್‌ಗಳು ಮಧ್ಯಾಹ್ನದವರೆಗೂ ಬಾಳಲಿಲ್ಲ. ದೊಡ್ಡ ಆಸ್ಕರ್ ಮರುದಿನ ಮೂಲೆಗೆ ಸರಿದು, ಬಣ್ಣ ಕಪ್ಪಿಟ್ಟು, ಓರೆಯಾಗಿ ಮಲಗಿತು. ಸೋತೆನೆಂದು ಹೇಳುವ ಅದರ ರೀತಿ ಅದು. ಹೊಳೆಯಾಗಿದ್ದರೆ ದೂರ ಓಡಬಹುದಿತ್ತು, ಆರಡಿಯಲ್ಲಿ ಎಲ್ಲಿಗೆ? ಯಾವ ಗಳಿಗೆಯಲ್ಲಾದರೂ ಗಾಜನ್ನು ಮತ್ತೆ ಇಳಿಸಬಹುದಿತ್ತು. ನಾನು ಇಳಿಸಿದ್ದು ನಾಲ್ಕೂ ಸತ್ತ ಮೇಲೆ, ಹರಿದ ರೆಕ್ಕೆಗಳನ್ನು ಆಯ್ದು, ಹೆಣಗಳನ್ನು ಹಿತ್ತಲ ನಿಂಬೆಗಿಡದ ಬುಡದಲ್ಲಿ ಹೂತ ಮೇಲೆ.

ಮೂರನೆಯ ದಿನ ಅವರು ಮರಳಿದರು. ಸತ್ತು ತೇಲುತ್ತಿದ್ದವು, ಹೂತೆ ಎಂದೆ. ಅಣ್ಣ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅತ್ತ. ನನಗೆ ಸಿಹಿಯಾಗಿತ್ತು. ಆ ಸಿಹಿಯನ್ನು ಇಂದು ಕಹಿ ಎಂದು ಹೇಳಿ ಇನ್ನೊಂದು ಸುಳ್ಳಾಡಲಾರೆ.

ಆಗ ನೆರೆಮನೆಯಾಕೆ ಸಮಾಧಾನ ಹೇಳಿದಳು: “ಯಜಮಾನಂಗೆ ಬಂದಿದ್ದ ಕಂಟಕಾನ ಮೀನು ಹೊತ್ಕಂಡು ಹೋದ್ವು ಬಿಡ್ರಿ.”

ಅತ್ತಿಗೆ ಕೇಳಿದರು: “ಕಂಟಕ ತಂದೋರು ಯಾರು ಮತ್ತೆ?”

ಪಡಸಾಲೆಯಲ್ಲಿದ್ದ ನೆಂಟರೆಲ್ಲರ ಕಣ್ಣು ಶೈಲಾಳ ಪಾದಕ್ಕೆ ಇಳಿಯಿತು. ಅರಿಸಿನ ಇನ್ನೂ ಮಾಸಿರಲಿಲ್ಲ. ಕಾಲ್ಗುಣ ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ—ಅಣ್ಣ ನನ್ನತ್ತ ತಿರುಗಿದ. “ಗಿರಿಜಾ, ನೀನೇ ಹೇಳು, ಏನಾತು?”

“ನಂಗೇನು ಗೊತ್ತಣ್ಣ. ಮೊನ್ನೆ ತನಕ ಚೆನ್ನಾಗೇ ಇದ್ವು.”

ಮೊನ್ನೆ ಎಂದರೆ ಅವಳು ಹೊಸ್ತಿಲು ದಾಟಿದ ಮರುದಿನ. ತಿಳಿದೇ ಆಡಿದೆ. ಇನ್ನೊಬ್ಬರ ಸುಳ್ಳಿನಿಂದ ಬದುಕು ಕೆಟ್ಟ ಹೆಣ್ಣು ನಾನು, ಇನ್ನೊಂದು ಹೆಣ್ಣನ್ನು ಅದೇ ಬಾವಿಗೆ ನೂಕಿದೆ.

ಮುಂದಿನ ತಿಂಗಳು ಅಣ್ಣನಿಗೆ ಎದೆನೋವು ಬಂತು. ಶೈಲಾಳ ಮೇಲಿನ ಅಪವಾದ ಗಟ್ಟಿಯಾಯಿತು. ಆಷಾಢಕ್ಕೆಂದು ಅವಳನ್ನು ತವರಿಗೆ ಬಿಟ್ಟು ಬಂದರು. ಶ್ರಾವಣದಲ್ಲಿ ಕರೆತರಲು ಯಾರೂ ಹೋಗಲಿಲ್ಲ. ವಿಚ್ಛೇದನದ ಕಾಗದ ಹೋಯಿತು.

ಈಗ ಪ್ರಸನ್ನನಿಗೆ ನ್ಯಾಮತಿಯಲ್ಲಿ ಎರಡನೆಯ ಸಂಬಂಧ ಕುದುರುತ್ತಿದೆ. ಮೊದಲ ಹೆಂಡತಿಯ ಕಾಲ್ಗುಣ ಸರಿಯಿರಲಿಲ್ಲವೆಂದು ಅಲ್ಲಿಯೂ ಹೇಳಿದ್ದಾರೆ. ಅದನ್ನು ಕೇಳಿದ ಮೇಲೆ ನಾನು ಜಗಳೂರಿನ ಬಸ್ಸು ಹತ್ತಿದೆ. ಶೈಲಾ ತಂದೆಯ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನಾನು ಬಾಯಿ ತೆರೆದಾಗ ಯಂತ್ರ ನಿಲ್ಲಿಸಿದಳು. ಎಲ್ಲವನ್ನೂ ಕೇಳಿದಳು.

“ಅತ್ತೇರೆ, ತಂಗಿ ಮದುವ್ಯಾಗ ಹಸೆಮಣೆ ಹತ್ರ ಹೋಗಲಿಲ್ಲ ನಾನು. ಅವಳಿಗೇನಾದ್ರೂ ಆದೀತು ಅಂತ ನಾನೇ ಹೆದರಿದ್ದೆ. ಗೊತ್ತೈತಾ?” ನನ್ನ ಕಣ್ಣು ತುಂಬಿತು. “ನನ್ನ ಮುಂದೆ ಅಳಬ್ಯಾಡ್ರಿ. ಅಲ್ಲಿ ಹೋಗಿ ಹೇಳ್ರಿ. ಆ ಮನೆ ನಂಗೆ ಬ್ಯಾಡ. ಆ ಮಾತು ಅವರು ವಾಪಸ್ ತಗಳ್ಲಿ.” ಯಂತ್ರದ ಸ್ವಿಚ್ಚು ಒತ್ತಿದಳು.

ಅಲ್ಲಿ ಹೋಗಿ ಹೇಳಿದೆ. ಅಣ್ಣ ಎದ್ದು ಬೀದಿ ಬಾಗಿಲು ಹಾಕಿ ಬಂದು, “ಆಗಿದ್ದು ಆತು. ಈಗ ಇದನ್ನ ಕೆದಕಿದ್ರೆ ನ್ಯಾಮತಿ ಸಂಬಂಧ ಕೆಡ್ತೈತೆ. ಬಾಯಿ ಮುಚ್ಚು” ಎಂದ. ಅತ್ತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋದರು: “ಮೀನು ನೀನೇ ಕೊಂದಿರಬಹುದು. ಎದೆನೋವು ಯಾರು ತಂದ್ರು?” ಪ್ರಸನ್ನ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ.

ಆದ್ದರಿಂದ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅಣ್ಣ, ಆ ಮೂಕ ಜೀವಗಳಿಗೆ ನಾನು ಅಪರಾಧಿ. ಶೈಲಾಳಿಗೆ ಸಾಯುವವರೆಗೂ ಅಪರಾಧಿ. ನಿನ್ನ ಕಣ್ಣೀರಿಗೆ ಮಾತ್ರ ಕ್ಷಮೆ ಕೇಳಲಾರೆ. ಸತ್ಯ ತಿಳಿಯದಿದ್ದಾಗ ನೀವು ಮೂಢರಾಗಿದ್ದಿರಿ. ತಿಳಿದ ಮೇಲೂ ಬಚ್ಚಿಡುತ್ತಿರುವ ನೀವು—ನನ್ನ ಸಮಾನರು.

ನೀನು, ಅತ್ತಿಗೆ, ಪ್ರಸನ್ನ: ನ್ಯಾಮತಿಯಲ್ಲಿ ತಾಂಬೂಲ ಬದಲಿಸುವ ಮೊದಲು ಮೂವರೂ ಜಗಳೂರಿಗೆ ಹೋಗಿ. ಗಿರಣಿಯ ಮುಂದೆ, ಹಿಟ್ಟಿಗೆಂದು ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ, ಶೈಲಾಳಿಂದ ನಿಮ್ಮ ಮನೆಗೆ ಯಾವ ಕೇಡೂ ಆಗಲಿಲ್ಲ, ನೀವು ಹೊರಿಸಿದ್ದು ಸುಳ್ಳು ಎಂದು ಹೇಳಿ. ಅದೇ ದಿನ ನ್ಯಾಮತಿಗೆ ಹೋಗಿ ಆ ಹುಡುಗಿಗೂ, ಅವಳ ತಂದೆತಾಯಿಗೂ ಅದನ್ನೇ ಹೇಳಿ.