ಬೀಗ ಹಾಕಿದ ಮನೆಯ ಉತ್ತರ

ದೇವದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ, ಬೀಗ ಹಾಕಿದ್ದ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಕಾಟು ಗುರುತು ಹಾಕಿ ನಾನು ಇನ್ನೂ ತಿರುಗಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದವರೇ ಸೆರಗಿನಿಂದ ಅದನ್ನು ಒರೆಸಿಬಿಟ್ಟರು. ಊರಲ್ಲೇ ಕೂಲಿ ಕೆಲಸ ಕೊಡುವ ಸರ್ಕಾರದ ಯೋಜನೆಯಿಂದ ಜನರಿಗೆ ಉಪಯೋಗವಾಗಿದೆಯೇ ಎಂದು ತಿಳಿಯುವ ಸಮೀಕ್ಷೆ ನಮ್ಮದು. ಬೀಗವಿದ್ದರೆ ಆ ಮನೆ ಬಿಟ್ಟು ಮುಂದಿನದಕ್ಕೆ ಹೋಗಬೇಕೆಂಬುದು ನಿಯಮ ಎಂದೆ.

“ಕೆಲ್ಸ ಸಿಕ್ಕವ್ರು ಊರಾಗ ಅದಾರ. ಸಿಗದವ್ರು ಬೀಗ ಹಾಕ್ಕೊಂಡು ದುಡಿಯಾಕ ಹೋಗ್ಯಾರ. ಇದ್ದವ್ರನ್ನಷ್ಟ ಕೇಳಿದ್ರ ಎಲ್ಲಾ ಛಲೋ ಅದ ಅಂತಾನ ಬರ್ಕೊಂತೀ ನೋಡು ಯಪ್ಪಾ!”

ಹಾಗೆಂದವರು ಆ ಮನೆಯ ಸೊಸೆಗೆ ವಿಡಿಯೊ ಕಾಲ್ ಹಚ್ಚಿ ಫೋನನ್ನು ನನ್ನ ಕೈಗೆ ಕೊಟ್ಟರು. ಬೆಂಗಳೂರಿನಲ್ಲಿ, ಅರ್ಧ ಕಟ್ಟಿದ ಗೋಡೆಯ ಮುಂದೆ ಸಿಮೆಂಟಿನ ಬುಟ್ಟಿ ಇಳಿಸಿ ಆಕೆ ನನ್ನ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟಳು. ಕೊನೆಗೆ ನಗುತ್ತಾ, “ಊರಾಗ ಕೆಲ್ಸ ಕೊಟ್ರ ನಾಳೇನ ಬರ್ತೀವ್ರಿ, ಅದನ್ನೂ ಬರ್ಕೋರಿ” ಎಂದಳು. ಬರೆದುಕೊಂಡೆ.

ರಾಯಚೂರಿನ ಕಚೇರಿಯಲ್ಲಿ ಇದನ್ನು ಹೇಳಿದಾಗ ನಮ್ಮ ಮೇಲಧಿಕಾರಿ ಆ ನಿಯಮವನ್ನೇ ತೆಗೆದುಹಾಕಿದರು. ಈಗ ಮಾನ್ವಿಯ ಹಳ್ಳಿಗಳನ್ನು ಸುತ್ತುತ್ತಿದ್ದೇನೆ. ಬೀಗ ಕಂಡ ಕೂಡಲೇ ಪಕ್ಕದ ಮನೆಯ ಬಾಗಿಲು ಬಡಿದು ಕೇಳುತ್ತೇನೆ: “ಯವ್ವಾ, ಇವ್ರ ಫೋನ್ ನಂಬರ್ ಅದ ಏನ್ರಿ?”