ಚಾಚಿಯ ಪಾಲಿನ ಬೈಗುಳ

ಚಾಚಿಯ ಬಲಗೈ ಕಿರುಬೆರಳು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿತ್ತು. ಹರಪನಹಳ್ಳಿಯಲ್ಲಿ ನಮ್ಮ ಗೋಡೆಗೆ ಅಂಟಿದ್ದ ಮನೆಯೇ ಅವರದು. ಗಂಡನ ಸೈಕಲ್ ಅಂಗಡಿಯಲ್ಲಿ ಕೈಜೋಡಿಸುವಾಗ ಬೆರಳು ಚೈನಿಗೆ ಸಿಕ್ಕಿತ್ತಂತೆ. ನೆಟ್ಟಗೆ ಮಾಡಿಸಲು ಯಾರಿಗೂ ಪುರಸೊತ್ತಾಗಲಿಲ್ಲ ಎಂದು ನಗುತ್ತಿದ್ದರು. ಆ ಬೆರಳು ಕಂಡರೆ ನನಗೆ ಮೈ ಉರಿಯುತ್ತಿತ್ತು. ಯಾಕೆಂದು ಹೇಳುತ್ತೇನೆ.

ವಯಸ್ಸು ಎಂಬತ್ತರ ಆಸುಪಾಸಿಗೆ ಬಂದಾಗ ನಮ್ಮ ಅವ್ವನಿಗೆ ಮರೆವು ಹತ್ತಿತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು, ಆಮೇಲೆ ಅಪ್ಪ ತೀರಿಹೋದದ್ದು ಮರೆತಳು, ಕೊನೆಗೆ ನನ್ನನ್ನೇ. ನಾನು ತೆಲಿಗಿ ಊರಿನ ಶಾಲೆಯಲ್ಲಿ ಟೀಚರು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅವ್ವ ಸೆರಗು ಸರಿಮಾಡಿಕೊಂಡು, "ಬರ್ರಿ, ಕುಂದರ್ರಿ. ಯಾವೂರ್ರಿ ನಿಮ್ದು?" ಎಂದು ಚಾಪೆ ಹಾಸುತ್ತಿದ್ದಳು. ಹೆತ್ತವ್ವನ ಬಾಯಲ್ಲಿ ಆ ‘ರಿ’ ಕೇಳಿಸಿಕೊಂಡವರಿಗೇ ಗೊತ್ತು ಅದರ ಸಂಕಟ. ಮೊದಲಿನಂತೆ ಒಂದೇ ಒಂದು ಸಲ, ಏನೇ ಮೂಳಿ, ಇಷ್ಟೊತ್ತು ಎಲ್ಲಿ ಸತ್ತಿದ್ದೆ ಎಂದು ಬೈದಿದ್ದರೆ ಸಾಕಿತ್ತು.

ಬೈಗುಳವೆಲ್ಲ ಚಾಚಿಗೆ ಮೀಸಲು. ನಾನು ಬರುವವರೆಗೆ ಅವ್ವನನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಮಧ್ಯಾಹ್ನದ ನಮಾಜು ಮುಗಿಸಿ ಬಂದರೆಂದರೆ ಇಬ್ಬರ ನಡುವೆ ಅಳಗುಳಿಮಣೆ ಬೀಳುತ್ತಿತ್ತು. ಗುಳಿಗೊಂದರಂತೆ ಹುಣಸೆ ಬೀಜ ಹಾಕುತ್ತ ಹೋಗುವ ಆಟ. ಬಸ್ಸು ಬೇಗ ಸಿಕ್ಕ ದಿನ ಅವ್ವನ ಹಳೆಯ ಗಂಟಲು ಓಣಿಗೇ ಕೇಳಿಸುತ್ತಿತ್ತು: ಕಳ್ಳಿ, ತುಡುಗಿ, ನಿನ್ನ ಕೈ ಸೇದಿಹೋಗಲಿ. ಒಳಗೆ ಹೋಗಿ ನೋಡಿದರೆ ಚಾಚಿ ಹಲ್ಲು ಬಿಟ್ಟುಕೊಂಡು ಕೂತಿರುತ್ತಿದ್ದರು.

ಇಬ್ಬರೂ ಒಂದೇ ವಾರಿಗೆಯವರು. ಚಾಚಿಗೋ ಓಣಿಯ ಯಾವ ಕೂಸು ಯಾವ ಸುಗ್ಗಿಯಲ್ಲಿ ಹುಟ್ಟಿತು ಎಂಬುದೂ ನೆನಪು. ನಮ್ಮವ್ವನ ತಲೆಯಿಂದ ಸೋರಿದ್ದೆಲ್ಲ ಗೋಡೆ ದಾಟಿ ಇವರ ತಲೆಗೆ ತುಂಬಿತೇನೋ ಅನ್ನಿಸುತ್ತಿತ್ತು. ನಾನು ಬಾಳೆಹಣ್ಣು ಸುಲಿದು ಕೊಟ್ಟರೆ ನೀವು ತಿನ್ನಿ ಎಂಬ ಉಪಚಾರ. ಚಾಚಿಯ ಕೈಯಲ್ಲಿದ್ದರೆ ಕಿತ್ತುಕೊಂಡು ತಿನ್ನುತ್ತಿದ್ದಳು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವಳು ಕಣ್ಣಾರೆ ಕಂಡೆ. ಚಾಚಿ ಒಂದು ಬೀಜವನ್ನು ಆ ಸೊಟ್ಟ ಬೆರಳಿನ ಸಂದಿಯಲ್ಲಿ ಅಡಗಿಸಿದರು. ಸಿಕ್ಕಿಬಿದ್ದಳು ಎಂದು ಒಳಗೊಳಗೇ ಖುಷಿಯಾಯಿತು. ಅವರು ಮನೆಗೆ ಹೊರಟಾಗ ಬಾಗಿಲಲ್ಲಿ ತಡೆದು, ಮರೆವಿನ ಮುದುಕಿಗೆ ಮೋಸ ಮಾಡಲು ನಾಚಿಕೆಯಾಗುವುದಿಲ್ಲವೇ ಎಂದು ಬಾಯಿಗೆ ಬಂದದ್ದು ಅಂದೆ. ಚಾಚಿ ಮುಖ ಗಂಟಿಕ್ಕಲಿಲ್ಲ.

"ಕುಡಗೋಲು ಮಸೀಲಿಲ್ಲಂದ್ರ ತುಕ್ಕು ಹಿಡೀತೈತಿ, ತೆಲಿ ಜಗಳಾಡ್ಲಿಲ್ಲಂದ್ರ ತುಕ್ಕು ಹಿಡೀತೈತಿ. ನಾ ಕದ್ರ ಆಕಿ ಎಣಸ್ತಾಳ. ಎಣಸೋತನಕ ನಿಮ್ಮವ್ವ ಇರ್ತಾಳವ್ವ. ನೀನು ಬರೇ ಉಣ್ಣಸ್ತಿ, ಮಲಗಸ್ತಿ."

ಕೊನೆಯ ಮಾತು ಎದೆಗೆ ನಾಟಿತು. ಹಾಗಂತ ತಣ್ಣಗಾದೆನೇ? ಇನ್ನಷ್ಟು ಉರಿದೆ. ಮಗಳು ನಾನು, ಇದು ನನಗೆ ಹೊಳೆಯಬಾರದಿತ್ತೇ?

ಮುಂದಿನ ಚಳಿಗಾಲ ಚಾಚಿಗೆ ಜ್ವರ ಬಂದು ಎದೆಗೆ ಇಳಿಯಿತು. ನೋಡಲು ಹೋದರೆ ಆಗಲೂ ತಲೆ ಚೊಕ್ಕ. ಅವ್ವ ಉಂಡಳೇ ಎಂದು ಕೇಳಿದರು, ಆಟ ಬಿಡಿಸಬೇಡ ಎಂದರು. ಆ ವಾರವೇ ಹೋಗಿಬಿಟ್ಟರು. ಅವ್ವನಿಗೆ ನಾನು ಹೇಳಲಿಲ್ಲ, ಹೇಳಿದರೂ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನವಾದರೆ ಮಣೆ ಮುಂದಿಟ್ಟುಕೊಂಡು ಬಾಗಿಲು ನೋಡುತ್ತ ಕೂರುವಳು.

ರಜೆ ಹಾಕಿ ನಾನೇ ಎದುರು ಕೂತೆ. ಬರ್ರಿ ಎಂದಳು. ಬೀಜ ಹಾಕುತ್ತ ಹೋಗಿ ಒಂದನ್ನು ಮುಷ್ಟಿಯಲ್ಲಿ ಉಳಿಸಿಕೊಂಡೆ. ನನ್ನ ಬೆರಳೆಲ್ಲ ನೆಟ್ಟಗೆ, ಕಳ್ಳತನ ಒಗ್ಗಲಿಲ್ಲ. ಅವ್ವ ಗುಳಿಗಳನ್ನು ನೋಡಿದಳು, ತುಟಿಯಲ್ಲೇ ಎಣಿಸಿದಳು, ಆಮೇಲೆ ನನ್ನ ಕೈ ಹಿಡಿದಳು.

"ಏ ತುಡುಗಿ, ಬಿಚ್ಚು ಕೈನ. ಆಕಿ ಕಲಿಸ್ಯಾಳೇನ ನಿನಗ?"

ನಿನಗ ಅಂದಳು. ‘ರಿ’ ಇರಲಿಲ್ಲ. ಕಾದು ಕಾದು ನನಗೆ ದಕ್ಕಿದ ಬೈಗುಳ, ಅದರಲ್ಲೂ ಚಾಚಿಯದೇ ಪಾಲು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ನಾನು ಪಟ್ಟೆ. ಪಡುತ್ತಲೇ ಕೈ ಬಿಚ್ಚಿ, "ಹೂನವ್ವ, ಆಕಿನ ಕಲಿಸ್ಯಾಳ" ಎಂದೆ.