ಪಕ್ಕದ ಮನೆಯ ಮೈಸೂರು

ನವೆಂಬರ್ ಬಂತೆಂದರೆ ಪಕ್ಕದ ಮನೆ ಹಾಲೇಶಣ್ಣನ ಮೈಸೂರು ಪ್ರವಾಸ ಶುರು. ಹೋಗುವುದಲ್ಲ, ಪ್ಲ್ಯಾನ್ ಮಾಡುವುದು. ಹೊನ್ನಾಳಿಯಲ್ಲಿ ಯಾರು ಸಿಕ್ಕರೂ, "ಕ್ರಿಸ್‌ಮಸ್ ರಜಾಕ್ಕೆ ಹುಡುಗ್ರನ್ನ ಕರ್ಕೊಂಡು ಹೊಂಟೀನ್ರೀ, ಅಲ್ಲಿ ಚಳಿ ಹೆಂಗೈತೆ?" ಅಂತಾನೆ. ಚಳಿ ಅಭ್ಯಾಸವಾಗಲಿ ಎಂದು ಎರಡೂ ಮಕ್ಕಳಿಗೆ ಮಧ್ಯಾಹ್ನದ ಬಿಸಿಲಲ್ಲೇ ಮಂಕಿ ಕ್ಯಾಪ್ ಹಾಕಿ ಬೆವರಿಳಿಸುತ್ತಾನೆ. ಸಂಜೆ ಅಂಗಳದಲ್ಲಿ ಕುರ್ಚಿ ಸಾಲಾಗಿಟ್ಟು ಬಸ್ಸು ಮಾಡಿ, ಕಂಡಕ್ಟರ್ ದನಿಯಲ್ಲಿ "ಕೈ ಹೊರಗೆ ಹಾಕಬ್ಯಾಡ್ರಿ, ವಾಂತಿ ಬಂದ್ರೆ ಮೊದ್ಲೇ ಹೇಳ್ರಿ!" ಎಂದು ಕೂಗುತ್ತಾನೆ. ಝೂ ಬಂದಾಗ ತಾನೇ ಆನೆಯಾಗಿ ಅಂಬೆಗಾಲಿಡುತ್ತಾನೆ. ಪ್ರತಿ ವರ್ಷವೂ ಹೊರಡುವ ಹೊತ್ತಿಗೆ ಒಂದು ಮಗುವಿಗೆ ಜ್ವರ ಬಂದು ಎಲ್ಲ ನಿಲ್ಲುತ್ತದೆ. "ಮುಂದಿನ ವರ್ಷ ಪಕ್ಕಾ ರೀ" ಅಂತಾನೆ, ಒಂಚೂರೂ ಬೇಜಾರಿಲ್ಲದೆ. ನನಗೆ ಮೈಯೆಲ್ಲ ಉರಿಯುತ್ತೆ. ನಾವೇನು ಮೈಸೂರು ಕಾಣದವರಲ್ಲ. ಹೋದ ವರ್ಷವೇ ಮಗಳ ಜೊತೆ ಕಾರು ಮಾಡಿಕೊಂಡು ಹೋಗಿ ಬಂದೆವು. ನಮ್ಮೆಜಮಾನ್ರು ಅರಮನೆ ಮುಂದೆಯೂ ಫೋನಿನಲ್ಲಿದ್ದರು, ಆನೆ ಮುಂದೆಯೂ ಫೋನಿನಲ್ಲಿದ್ದರು. ನಿನ್ನೆ ನನ್ನ ಮಗಳು ಕಾಂಪೌಂಡ್ ಗೋಡೆಗೆ ಗಲ್ಲ ಊರಿ, ಆ ಕುರ್ಚಿ ಬಸ್ಸನ್ನೇ ನೋಡುತ್ತಾ ಕೇಳಿದಳು: "ಅಮ್ಮಾ, ನಾವು ಮೈಸೂರಿಗೆ ಯಾವಾಗ ಹೋಗಾದು?"